ಲಜ್ಜೆ ಯಾರದು?

(ಗೆಟ್ಟವಾಡಿಯಲ್ಲಿ ಪೋಷಕರ ಸಭೆಯಲ್ಲಿ ಮಾಡಿದ ಭಾಷಣ)



ಮಳೆ, ಬೆಳೆ, ಪರೀಕ್ಷೆಗಳ ವಿಷಯವಾಗಿ ನಾವು ಇಂತಹ ಸಭೆಗಳಲ್ಲಿ ಧಾರಾಳವಾಗಿ ಮಾತನಾಡುತ್ತೇವೆ. ಇಂದು ಸಂಕೋಚ ಹುಟ್ಟಿಸುವ ವಿಷಯವೊಂದನ್ನು ಮುಂದಿಡಲು ತಮ್ಮ ಅಪ್ಪಣೆ ಬೇಡುತ್ತೇವೆ. ದೌರ್ಜನ್ಯಕ್ಕೆ ಒಳಗಾದ ಹೆಣ್ಣುಮಗಳು ಆಮೇಲಿನ ದಿನಗಳನ್ನು ಹೇಗೆ ನೂಕುತ್ತಾಳೆ, ಅವಳ ನೆರೆಹೊರೆಯವರಾದ ನಮ್ಮ ಧರ್ಮವೇನು ಎಂಬುದೇ ಆ ವಿಷಯ.

ಇದು ದೂರದ ಮಾತಲ್ಲ. ವೀರಪ್ಪನ್‌ನನ್ನು ಹಿಡಿಯಲೆಂದು 1993ರಿಂದ ಕರ್ನಾಟಕ ಮತ್ತು ತಮಿಳುನಾಡಿನ ಕಾರ್ಯಪಡೆಗಳು ಈ ಕಾಡುಸೀಮೆಯಲ್ಲಿ ಜಂಟಿಯಾಗಿ ಶೋಧ ನಡೆಸಿದವು. ಒಂದು ಕಡೆ ಅವನ ಭಯ, ಇನ್ನೊಂದು ಕಡೆ ವಿಚಾರಣೆಯ ಭಯ; ಗಡಿಯ ಎರಡೂ ಬದಿಯ ಹಳ್ಳಿಗರು ನಡುವೆ ನಲುಗಿದರು. ಕಾರ್ಯಪಡೆಯವರು ಹಿಂಸಿಸಿದರು, ಸ್ತ್ರೀಯರ ಮೇಲೆ ಅತ್ಯಾಚಾರ ನಡೆಸಿದರು ಎಂಬ ದೂರುಗಳು ಬಂದವು. ರಾಷ್ಟ್ರೀಯ ಮಾನವ ಹಕ್ಕುಗಳ ಆಯೋಗವು 1999ರಲ್ಲಿ ನ್ಯಾಯಮೂರ್ತಿ ಎ. ಜೆ. ಸದಾಶಿವ ಅವರ ನೇತೃತ್ವದಲ್ಲಿ ವಿಚಾರಣಾ ಸಮಿತಿಯನ್ನು ನೇಮಿಸಿತು. ಅದರ ಮುಂದೆ ಸ್ತ್ರೀಯರೂ ಬಂದು ಸಾಕ್ಷಿ ನುಡಿದರು. 2007ರಲ್ಲಿ ಆಯೋಗವು 89 ಮಂದಿಗೆ 2 ಕೋಟಿ 80 ಲಕ್ಷ ರೂಪಾಯಿಗಳ ಪರಿಹಾರವನ್ನು ಶಿಫಾರಸು ಮಾಡಿತು.

ಹಣಕ್ಕೆ ಲೆಕ್ಕವುಂಟು, ಲಜ್ಜೆಗೆ ಲೆಕ್ಕವಿಲ್ಲ. ಇಂತಹ ಆಘಾತಕ್ಕೆ ಗುರಿಯಾದವಳು ಯಾರೂ ಇಲ್ಲದ ಹೊತ್ತು ನೋಡಿ ನೀರಿಗೆ ಹೋಗುತ್ತಾಳೆ. ಜಾತ್ರೆ, ಮದುವೆಗಳಿಗೆ ನೆಪ ಹೇಳಿ ಮನೆಯಲ್ಲೇ ಉಳಿಯುತ್ತಾಳೆ. ನೆನಪು ಬಾರದಿರಲೆಂದು ಮೈಮುರಿಯುವಷ್ಟು ದುಡಿಯುತ್ತಾಳೆ. ಬೂಟಿನ ಸಪ್ಪಳಕ್ಕೆ ಬೆಚ್ಚುತ್ತಾಳೆ. ‘ಆಗ ಏಕೆ ಕೂಗಲಿಲ್ಲ?’ ಎಂದು ತನ್ನನ್ನೇ ಹಳಿದುಕೊಳ್ಳುತ್ತಾಳೆ. ಭಯದ ಗಳಿಗೆಯಲ್ಲಿ ದೇಹವು ಮರಗಟ್ಟುವುದು, ನಾಲಗೆ ಏಳದಿರುವುದು ಸಹಜವೆಂದು ಮನೋವೈದ್ಯರು ಹೇಳುತ್ತಾರೆ. ಅದು ಒಪ್ಪಿಗೆಯಲ್ಲ, ಹೇಡಿತನವೂ ಅಲ್ಲ.

‘ಮಾಡಿದ್ದುಣ್ಣೋ ಮಹಾರಾಯ’ ಎಂದು ನಮ್ಮ ಹಿರಿಯರು ಹೇಳಿದರು. ಇಲ್ಲಿ ಮಾತ್ರ ಮಾಡಿದವನೊಬ್ಬ, ಉಣ್ಣುವವಳು ಮತ್ತೊಬ್ಬಳು! ‘ಮಾನಭಂಗ’ ಎಂಬ ನಮ್ಮ ಮಾತನ್ನೇ ನೋಡಿರಿ. ಭಂಗವಾದದ್ದು ಯಾರ ಮಾನ? ಕನ್ನ ಹಾಕಿಸಿಕೊಂಡ ಮನೆಯವರನ್ನು ಕಳ್ಳರೆಂದು ನಾವು ಕರೆಯುವುದಿಲ್ಲ. ದುಷ್ಕೃತ್ಯ ಎಸಗಿದವನ ಮಾನ ಹೋಯಿತೇ ಹೊರತು ಅವಳದಲ್ಲ.

ಈ ಸತ್ಯವನ್ನು ನಡೆದು ತೋರಿಸಿದವರು ಧರ್ಮಪುರಿ ಜಿಲ್ಲೆಯ ವಾಚಾತಿ ಎಂಬ ಹಳ್ಳಿಯ ಬುಡಕಟ್ಟಿನ ಸ್ತ್ರೀಯರು. 1992ರ ಜೂನ್ 20ರಂದು ಗಂಧದ ಮರದ ಶೋಧಕ್ಕೆಂದು ಅಲ್ಲಿಗೆ ಬಂದ ಅರಣ್ಯ, ಪೊಲೀಸು, ಕಂದಾಯ ಇಲಾಖೆಗಳ ನೌಕರರು ಮನೆಗಳನ್ನು ಹಾಳುಗೆಡವಿದರು. 18 ಮಂದಿ ಸ್ತ್ರೀಯರ ಮೇಲೆ ಅತ್ಯಾಚಾರ ನಡೆಯಿತು. ಅವರು ಒಬ್ಬೊಬ್ಬರಾಗಿ ಮೂಲೆ ಸೇರಲಿಲ್ಲ. ಒಟ್ಟಾಗಿ ನ್ಯಾಯಾಲಯಕ್ಕೆ ನಡೆದರು. 2011ರ ಸೆಪ್ಟೆಂಬರ್ 29ರಂದು, ಆವರೆಗೆ ಬದುಕಿದ್ದ 215 ಆಪಾದಿತರೆಲ್ಲರೂ ತಪ್ಪಿತಸ್ಥರೆಂದು ತೀರ್ಪಾಯಿತು. 2023ರಲ್ಲಿ ಮದ್ರಾಸ್ ಉಚ್ಚ ನ್ಯಾಯಾಲಯ ಅದನ್ನು ಎತ್ತಿಹಿಡಿಯಿತು. ಮೂವತ್ತೊಂದು ವರ್ಷಗಳ ಆ ದಾರಿಯಲ್ಲಿ ಅವರಿಗೆ ಬಲವಾದದ್ದು ಪರಸ್ಪರರ ಸಂಗ.

ಎಲ್ಲರೂ ನ್ಯಾಯಾಲಯದ ಮೆಟ್ಟಿಲು ಹತ್ತಲಾರರು. ಹತ್ತಲೇಬೇಕೆಂದು ಒತ್ತಾಯಿಸುವ ಅಧಿಕಾರವೂ ನಮಗಿಲ್ಲ. ನಮ್ಮಿಂದ ಆಗುವುದು ಸಣ್ಣ ಕೆಲಸ. ನೀರಿಗೆ ಹೋಗುವಾಗ ‘ಬಾರಮ್ಮ, ಜೊತೆಯಾಗಿ ಹೋಗೋಣ’ ಎನ್ನೋಣ. ಕಳೆ ಕೀಳುವ ಸಾಲಿನಲ್ಲಿ ಪಕ್ಕದಲ್ಲಿ ನಿಲ್ಲೋಣ. ಏನಾಯಿತೆಂದು ಕೆದಕದೆ, ಅವಳಾಗಿ ಹೇಳಿದಾಗ ಸಾವಧಾನದಿಂದ ಕೇಳೋಣ, ನಂಬೋಣ. ಕೇಳಿದ್ದನ್ನು ಜಗಲಿಗೆ ಒಯ್ಯದಿರೋಣ. ಸಂತ್ರಸ್ತೆಯ ಹೆಸರನ್ನು ಪ್ರಕಟಿಸುವುದನ್ನು ಕಾನೂನೂ ಅಪರಾಧವೆನ್ನುತ್ತದೆ.

ಮಕ್ಕಳೇ, ಯಾರಾದರೂ ನಿಮಗೆ ಕೇಡು ಮಾಡಿದರೆ ತಪ್ಪು ನಿಮ್ಮದಲ್ಲ. ನಂಬಿಕೆಯ ಹಿರಿಯರೊಬ್ಬರಿಗೆ ಹೇಳಿರಿ. 1098 ಮಕ್ಕಳಿಗಾಗಿ, 181 ಸ್ತ್ರೀಯರಿಗಾಗಿ ಇರುವ ಸಹಾಯವಾಣಿಗಳು. ತಂದೆತಾಯಿಗಳೇ, ಮಗು ಹೇಳಲು ಬಂದಾಗ ‘ನೀನೇಕೆ ಅಲ್ಲಿಗೆ ಹೋದೆ?’ ಎಂಬುದು ನಮ್ಮ ಮೊದಲ ಮಾತಾಗದಿರಲಿ. ‘ನಾವಿದ್ದೇವೆ’ ಎಂಬುದು ಮೊದಲ ಮಾತಾಗಲಿ.