ತರಗತಿಯಲ್ಲಿ 'ಯಾಕೆ?' ಎಂಬ ಪ್ರಶ್ನೆ

(ಶಿಕ್ಷಕರ ಮತ್ತು ಪೋಷಕರ ಸಭೆಯಲ್ಲಿ ಮಾಡಿದ ಭಾಷಣದ ಬರಹರೂಪ)



ಇಂದು ನನಗೆ ಕೊಟ್ಟಿರುವ ವಿಷಯ 'ಮಕ್ಕಳಲ್ಲಿ ವಿಮರ್ಶಾತ್ಮಕ ಚಿಂತನೆ ಬೆಳೆಸುವ ಚಟುವಟಿಕೆಗಳು'. ಹೆಸರು ದೊಡ್ಡದು, ಅರ್ಥ ಸರಳ. ಕೇಳಿದ್ದನ್ನು ಅಥವಾ ಓದಿದ್ದನ್ನು ಒಪ್ಪಿಕೊಳ್ಳುವ ಮೊದಲು "ಇದು ಹೌದೇ? ಹೇಗೆ ಗೊತ್ತು? ಬೇರೆ ರೀತಿಯೂ ಇರಬಹುದೇ?" ಎಂದು ತೂಗಿ ನೋಡುವುದೇ ವಿಮರ್ಶಾತ್ಮಕ ಚಿಂತನೆ. ಬಿ.ಎಡ್. ತರಬೇತಿಯಲ್ಲಿ ನಾವೆಲ್ಲರೂ ಬ್ಲೂಮ್ ಅವರ 1956ರ ವರ್ಗೀಕರಣವನ್ನು ಓದಿದ್ದೇವೆ: ಜ್ಞಾನ, ತಿಳಿವಳಿಕೆ, ಅನ್ವಯ, ವಿಶ್ಲೇಷಣೆ, ಸಂಶ್ಲೇಷಣೆ, ಮೌಲ್ಯಮಾಪನ. ಆದರೆ ಎಷ್ಟೋ ತರಗತಿಗಳಲ್ಲಿ ಮೊದಲ ಮೆಟ್ಟಿಲಿನಲ್ಲೇ ವರ್ಷ ಮುಗಿದುಹೋಗುತ್ತದೆ. 2005ರ ರಾಷ್ಟ್ರೀಯ ಪಠ್ಯಕ್ರಮ ಚೌಕಟ್ಟು ಕಂಠಪಾಠದಿಂದ ಹೊರಬರಬೇಕೆಂದು ಹೇಳಿತು. 2020ರ ರಾಷ್ಟ್ರೀಯ ಶಿಕ್ಷಣ ನೀತಿಯೂ ಅದನ್ನೇ ಒತ್ತಿ ಹೇಳಿದೆ. ಅದನ್ನು ನಾಳೆಯ ಪಿರಿಯಡ್‌ನಲ್ಲಿ ಹೇಗೆ ಮಾಡುವುದು ಎಂಬುದೇ ನಮ್ಮ ಮುಂದಿರುವ ಪ್ರಶ್ನೆ.

ಒಂದು ಲೆಕ್ಕದಿಂದ ಆರಂಭಿಸೋಣ

ನಿಮ್ಮ ಮೂರನೆಯ ಅಥವಾ ನಾಲ್ಕನೆಯ ತರಗತಿಯ ಮಕ್ಕಳಿಗೆ ಈ ಲೆಕ್ಕ ಕೊಟ್ಟು ನೋಡಿ: "ಒಂದು ಹಡಗಿನಲ್ಲಿ 26 ಕುರಿಗಳು ಮತ್ತು 10 ಮೇಕೆಗಳಿವೆ. ಹಡಗಿನ ನಾಯಕನ ವಯಸ್ಸು ಎಷ್ಟು?" ಸುಮಾರು 1980ರಲ್ಲಿ ಫ್ರಾನ್ಸಿನಲ್ಲಿ ಶಾಲಾ ಮಕ್ಕಳಿಗೆ ಇಂಥ ಲೆಕ್ಕ ಕೊಟ್ಟಾಗ ಬಹುಪಾಲು ಮಕ್ಕಳು ಸಂಖ್ಯೆಗಳನ್ನು ಕೂಡಿಸಿಯೋ ಕಳೆದೋ ಒಂದು ಉತ್ತರ ಬರೆದರು. ಕುರಿ ಮೇಕೆಗಳಿಗೂ ನಾಯಕನ ವಯಸ್ಸಿಗೂ ಏನು ಸಂಬಂಧ ಎಂದು ಕೇಳಿದವರು ಕಡಿಮೆ. ಆ ಮಕ್ಕಳು ದಡ್ಡರಾಗಿರಲಿಲ್ಲ. ಮೇಷ್ಟ್ರು ಕೊಟ್ಟ ಲೆಕ್ಕಕ್ಕೆ ಉತ್ತರ ಇದ್ದೇ ಇರುತ್ತದೆ, ಕೊಟ್ಟ ಸಂಖ್ಯೆಗಳನ್ನೆಲ್ಲ ಬಳಸಲೇಬೇಕು ಎಂಬುದನ್ನು ಶಾಲೆಯೇ ಅವರಿಗೆ ಕಲಿಸಿತ್ತು.

ಆದ್ದರಿಂದ ವಾರಕ್ಕೆ ಒಂದು ಸಲ ಇಂಥ ಒಂದು 'ಮೋಸದ ಲೆಕ್ಕ' ಕೊಡಿ. ಒಂದು ವಾರ ಬೇಕಾದ ಮಾಹಿತಿ ಇಲ್ಲದ ಲೆಕ್ಕ, ಮುಂದಿನ ವಾರ ಬೇಡದ ಮಾಹಿತಿ ತುಂಬಿದ ಲೆಕ್ಕ. "ಈ ಲೆಕ್ಕ ಮಾಡಲು ಬರುವುದಿಲ್ಲ, ಯಾಕೆಂದರೆ..." ಎಂದು ಕಾರಣ ಹೇಳಿದ ಮಗುವಿಗೆ ಪೂರ್ಣ ಅಂಕ. ಮಕ್ಕಳು ಇದನ್ನು ಆಟವೆಂದೇ ಭಾವಿಸುತ್ತಾರೆ. ಆದರೆ ಉತ್ತರಿಸುವ ಮೊದಲು ಪ್ರಶ್ನೆಯನ್ನೇ ಪರೀಕ್ಷಿಸುವ ಅಭ್ಯಾಸ ಅಲ್ಲಿಂದಲೇ ಶುರುವಾಗುತ್ತದೆ.

ನಮ್ಮ ಮಕ್ಕಳಿಗೆ ಇದರ ಅಗತ್ಯ

ಎಷ್ಟೋ ಊರುಗಳಲ್ಲಿ ಉರ್ದು ಶಾಲೆ ಏಳನೆಯ ತರಗತಿಗೆ ಮುಗಿಯುತ್ತದೆ. ಎಂಟನೆಯ ತರಗತಿಗೆ ಮಗು ಕನ್ನಡ ಮಾಧ್ಯಮದ ಪ್ರೌಢಶಾಲೆಗೆ ಹೋಗಬೇಕು. ಅಲ್ಲಿಯವರೆಗೆ ಕನ್ನಡದ ಪ್ರಶ್ನೋತ್ತರಗಳನ್ನು ಗೈಡ್ ನೋಡಿ ಉರು ಹೊಡೆದ ಮಗು ಅಲ್ಲಿ ಮಾತು ಹೊರಡದೆ ಕೂರುತ್ತದೆ. ಪ್ರಶ್ನೆಯನ್ನು ಸ್ವಲ್ಪ ತಿರುಚಿ ಕೇಳಿದರೂ ಉತ್ತರ ಸಿಗದು. ಸುಮ್ಮನಿರುವ ಮಗುವನ್ನು 'ದಡ್ಡ' ಎಂದು ಕರೆದುಬಿಡುವುದು ಸುಲಭ. ಸ್ವಲ್ಪ ದಿನಕ್ಕೆ ಹುಡುಗ ಗ್ಯಾರೇಜಿಗೋ ಅಂಗಡಿಗೋ ಸೇರುತ್ತಾನೆ, ಹುಡುಗಿ ಮನೆಯಲ್ಲೇ ಉಳಿಯುತ್ತಾಳೆ. ಆ ಮಗುವಿಗೆ ಬುದ್ಧಿಯ ಕೊರತೆ ಇರುವುದಿಲ್ಲ. ತನಗೆ ಬರುವ ಭಾಷೆಯಲ್ಲಿ ಯೋಚಿಸಿ, ಕಲಿಯುತ್ತಿರುವ ಭಾಷೆಯಲ್ಲಿ ಹೇಳುವ ಅವಕಾಶ ಸಿಕ್ಕಿರುವುದಿಲ್ಲ.

ಈ ಅವಕಾಶ ಕೊಡಲು ಒಂದು ಸುಲಭ ವಿಧಾನವಿದೆ. ಅಮೆರಿಕದ ಫ್ರಾಂಕ್ ಲೈಮನ್ 1981ರಲ್ಲಿ ರೂಪಿಸಿದ ಇದನ್ನು ನಾವು 'ಯೋಚಿಸು, ಜೊತೆಯವರಿಗೆ ಹೇಳು, ಎಲ್ಲರಿಗೂ ಹೇಳು' ಎನ್ನಬಹುದು. ಪ್ರಶ್ನೆ ಕೇಳಿ ಒಂದು ನಿಮಿಷ ಎಲ್ಲರೂ ಮೌನವಾಗಿ ಯೋಚಿಸಲಿ. ಎರಡು ನಿಮಿಷ ಪಕ್ಕದವರ ಜೊತೆ ಮಾತಾಡಲಿ. ಇದು ಉರ್ದುವಿನಲ್ಲೇ ಇರಲಿ, ತಡೆಯಬೇಡಿ. ಕೊನೆಗೆ ಇಬ್ಬರೂ ಸೇರಿ ಒಂದು ವಾಕ್ಯವನ್ನು ಕನ್ನಡದಲ್ಲಿ ಹೇಳಲಿ. ಜೊತೆಯವರ ಬಲ ಇರುವುದರಿಂದ ಹೆದರುವ ಮಗುವೂ ಬಾಯಿ ಬಿಡುತ್ತದೆ.

ಇದಕ್ಕೆ ನೆರವಾಗಲು ಗೋಡೆಯ ಮೇಲೆ ಒಂದು ಚಾರ್ಟ್ ತೂಗುಹಾಕಿ. ಒಂದು ಕಡೆ ಕ್ಯೋಂಕಿ, ಲೇಕಿನ್, ಇಸ್ ಲಿಯೇ, ಅಗರ್. ಎದುರಿಗೆ ಯಾಕೆಂದರೆ, ಆದರೆ, ಆದ್ದರಿಂದ, ಒಂದು ವೇಳೆ. ಕಾರಣ ಕೊಡಲು ಈ ಪದಗಳು ಬೇಕೇ ಬೇಕು. ನಮ್ಮ ಮನೆಗಳ ದಖನಿಯಲ್ಲಿ 'ಕೈಕು ಬೋಲೆ ತೋ' ಎನ್ನುತ್ತೇವಲ್ಲ, ಅದು ಪದಕ್ಕೆ ಪದ ಕನ್ನಡದ 'ಯಾಕೆ ಅಂದರೆ'. ಇದನ್ನು ಮಕ್ಕಳಿಗೆ ತೋರಿಸಿ. ಕನ್ನಡ ಪರಕೀಯವಲ್ಲ, ತಮ್ಮ ಮನೆಮಾತಿನೊಳಗೇ ಅದರ ಜಾಡು ಇದೆ ಎಂದು ಅವರಿಗೆ ತಿಳಿದರೆ ಅರ್ಧ ಹೆದರಿಕೆ ಹೋಗುತ್ತದೆ.

ಮೂರು ಸೆಕೆಂಡ್ ಕಾಯಿರಿ

ಅಮೆರಿಕದ ಶಿಕ್ಷಣತಜ್ಞೆ ಮೇರಿ ಬಡ್ ರೋ 1970ರ ದಶಕದಲ್ಲಿ ತರಗತಿಗಳನ್ನು ಗಮನಿಸಿ ಒಂದು ಸಂಗತಿ ಕಂಡುಕೊಂಡರು. ಪ್ರಶ್ನೆ ಕೇಳಿದ ಮೇಲೆ ಶಿಕ್ಷಕರು ಸಾಮಾನ್ಯವಾಗಿ ಕಾಯುವುದು ಒಂದೇ ಸೆಕೆಂಡ್. ಅದನ್ನು ಮೂರು ಸೆಕೆಂಡ್ ಅಥವಾ ಹೆಚ್ಚು ಮಾಡಿದಾಗ ಮಕ್ಕಳ ಉತ್ತರಗಳು ಉದ್ದವಾದವು, ಹೆಚ್ಚು ಮಕ್ಕಳು ಮಾತಾಡಿದರು. ಎರಡು ಭಾಷೆಗಳ ನಡುವೆ ಓಡಾಡುವ ಮಗುವಿಗೆ ಈ ಸಮಯ ಇನ್ನಷ್ಟು ಅಗತ್ಯ. ಇದಕ್ಕೆ ಉಪಕರಣ ಬೇಡ, ಅನುದಾನ ಬೇಡ. ಮನಸ್ಸಿನಲ್ಲೇ ಮೂರು ಎಣಿಸಿದರೆ ಸಾಕು.

ಊಹಿಸು, ನೋಡು, ವಿವರಿಸು

ಇದು ವಿಜ್ಞಾನ ಪಾಠಕ್ಕೆ. ಒಂದು ಚಪ್ಪಲಿ ಡಬ್ಬಿಯ ಒಂದು ಬದಿಗೆ ಸೂಜಿಯಿಂದ ಸಣ್ಣ ರಂಧ್ರ ಮಾಡಿ. ಎದುರು ಬದಿಯನ್ನು ಕತ್ತರಿಸಿ ಎಣ್ಣೆ ಸವರಿದ ತೆಳು ಕಾಗದ ಅಂಟಿಸಿ. ರಂಧ್ರವನ್ನು ಬಿಸಿಲಿನಲ್ಲಿರುವ ಮರದ ಕಡೆ ಹಿಡಿದು, ತಲೆಯ ಮೇಲೆ ಕಪ್ಪು ಬಟ್ಟೆ ಹೊದ್ದು ಕಾಗದವನ್ನು ನೋಡಬೇಕು. (ಸೂರ್ಯನ ಕಡೆ ಹಿಡಿಯಬಾರದು.) ನೋಡುವ ಮೊದಲು "ಏನು ಕಾಣುತ್ತದೆ?" ಎಂದು ಪ್ರತಿ ಮಗುವೂ ಬರೆಯಲಿ. ಕಾಗದದ ಮೇಲೆ ಮರ ತಲೆಕೆಳಗಾಗಿ ಕಂಡಾಗ ತರಗತಿಯಲ್ಲಿ ಗದ್ದಲವೇ ಆಗುತ್ತದೆ. ತಕ್ಷಣ ವಿವರಣೆ ಕೊಡಬೇಡಿ. ಊಹೆ ಏಕೆ ತಪ್ಪಿತು ಎಂದು ಅವರೇ ಗೆರೆ ಎಳೆದು ಹುಡುಕಲಿ. ಮನೆಗೆ ಇನ್ನೊಂದು ಪ್ರಶ್ನೆ ಕೊಟ್ಟು ಕಳಿಸಿ: ಹಂಚಿನ ಸಂದಿ ದುಂಡಗಿಲ್ಲದಿದ್ದರೂ ಅದರ ಮೂಲಕ ನೆಲಕ್ಕೆ ಬೀಳುವ ಬಿಸಿಲು ದುಂಡಗೆ ಕಾಣುವುದೇಕೆ?

ಈ ಪಾಠದಲ್ಲಿ ಇಬ್ನ್ ಅಲ್-ಹೈಥಮ್ ಅವರನ್ನು ಪರಿಚಯಿಸಿ. ಸುಮಾರು 965ರಲ್ಲಿ ಬಸ್ರಾದಲ್ಲಿ ಹುಟ್ಟಿ ಕೈರೋದಲ್ಲಿ ಕೆಲಸ ಮಾಡಿದ ಈ ವಿಜ್ಞಾನಿ 'ಕಿತಾಬ್ ಅಲ್-ಮನಾಝಿರ್' ಎಂಬ ದೃಷ್ಟಿಶಾಸ್ತ್ರದ ಗ್ರಂಥ ಬರೆದರು. ಕಣ್ಣಿನಿಂದ ಕಿರಣ ಹೊರಟು ವಸ್ತುವನ್ನು ಮುಟ್ಟುತ್ತದೆ ಎಂದು ಯೂಕ್ಲಿಡ್ ಮತ್ತು ಟಾಲೆಮಿ ಹೇಳಿದ್ದರು. ಇವರು ಅದನ್ನು ಒಪ್ಪದೆ, ಬೆಳಕೇ ವಸ್ತುವಿನಿಂದ ಕಣ್ಣಿಗೆ ಬರುತ್ತದೆ ಎಂದು ಪ್ರಯೋಗಗಳ ಆಧಾರದಿಂದ ವಾದಿಸಿದರು. ಟಾಲೆಮಿಯ ಬಗ್ಗೆ ತಮಗಿದ್ದ ಸಂದೇಹಗಳನ್ನೇ ಪ್ರತ್ಯೇಕ ಪುಸ್ತಕವಾಗಿ ಬರೆದರು. ದೊಡ್ಡವರ ಮಾತನ್ನೂ ಪರೀಕ್ಷಿಸಬಹುದು ಎಂಬುದಕ್ಕೆ ಮಕ್ಕಳಿಗೆ ಇದಕ್ಕಿಂತ ಒಳ್ಳೆಯ ಉದಾಹರಣೆ ಬೇಕೇ?

ಎರಡೂ ಕಡೆಯಿಂದ ಮಾತಾಡು

ಭಾಷಾ ಪಾಠಕ್ಕೆ ಪುಣ್ಯಕೋಟಿಯ ಕಥೆ ತೆಗೆದುಕೊಳ್ಳಿ. ತರಗತಿಯನ್ನು ಎರಡು ಗುಂಪು ಮಾಡಿ. ಒಂದು ಗುಂಪು ಹಸುವಿನ ಪರ, ಇನ್ನೊಂದು ಹುಲಿಯ ಪರ. "ಹಸಿದ ಹುಲಿಯದು ತಪ್ಪೇ? ಕರುವನ್ನು ತಬ್ಬಲಿ ಮಾಡಿ ಹಿಂದಿರುಗಿದ್ದು ಸರಿಯೇ?" ಹತ್ತು ನಿಮಿಷದ ನಂತರ ಗುಂಪುಗಳ ಪಕ್ಷ ಅದಲುಬದಲು ಮಾಡಿ. ಈಗ ಹುಲಿಯ ಪರ ಇದ್ದವರು ಹಸುವಿನ ಪರ ಮಾತಾಡಬೇಕು. ತನ್ನ ಎದುರಾಳಿಯ ಕಾರಣವನ್ನು ತಾನೇ ಹೇಳಬೇಕಾದಾಗ ಮಗು ಕೂಗಾಡುವುದನ್ನು ಬಿಟ್ಟು ಕೇಳಿಸಿಕೊಳ್ಳಲು ಕಲಿಯುತ್ತದೆ.

ಕಂಡದ್ದು, ಕೇಳಿದ್ದು, ಊಹಿಸಿದ್ದು

ಕೊನೆಯ ಚಟುವಟಿಕೆ ಪ್ರೌಢಶಾಲಾ ಮಕ್ಕಳಿಗೆ. ನನ್ನ ದೃಷ್ಟಿಯಲ್ಲಿ ಎಲ್ಲಕ್ಕಿಂತ ಮುಖ್ಯವಾದುದು ಇದೇ. 2018ರ ಜುಲೈನಲ್ಲಿ ನಮ್ಮದೇ ಬೀದರ್ ಜಿಲ್ಲೆಯಲ್ಲಿ, ಹೈದರಾಬಾದಿನಿಂದ ಬಂದಿದ್ದ ಸ್ನೇಹಿತರ ತಂಡವೊಂದು ದಾರಿಯಲ್ಲಿ ಮಕ್ಕಳಿಗೆ ಚಾಕೊಲೇಟ್ ಕೊಟ್ಟಿತು. ಮಕ್ಕಳ ಕಳ್ಳರು ಎಂಬ ವದಂತಿ ವಾಟ್ಸಪ್‌ನಲ್ಲಿ ಹರಡಿತು. ಗುಂಪು ಸೇರಿ ಹೊಡೆದದ್ದರಿಂದ ಅವರಲ್ಲಿ ಒಬ್ಬ ಯುವ ಇಂಜಿನಿಯರ್ ಪ್ರಾಣ ಕಳೆದುಕೊಂಡರು.

ಕರಿಹಲಗೆಯ ಮೇಲೆ ಮೂರು ಕಾಲಂ ಹಾಕಿ. 'ಚಾಕೊಲೇಟ್ ಕೊಟ್ಟರು' ಎಂಬುದು ಕಂಡದ್ದು. 'ಊರಲ್ಲಿ ಮಕ್ಕಳ ಕಳ್ಳರು ತಿರುಗುತ್ತಿದ್ದಾರೆ' ಎಂಬುದು ಕೇಳಿದ್ದು. 'ಇವರೇ ಆ ಕಳ್ಳರು' ಎಂಬುದು ಊಹಿಸಿದ್ದು. ಮೊಬೈಲಿನಲ್ಲಿ ಬಂದ ಒಂದೊಂದು ಸಂದೇಶವನ್ನೂ ಹೀಗೆ ಬಿಡಿಸಲು ಹೇಳಿ. ಯಾರು ಬರೆದದ್ದು? ಯಾವ ದಿನಾಂಕ? ಬೇರೆ ಕಡೆ ಸುದ್ದಿಯಾಗಿದೆಯೇ? ನಮಗೆ ಇಷ್ಟವಾದ ಸಂದೇಶಗಳಿಗೂ ಇದೇ ಪರೀಕ್ಷೆ ಇರಲಿ. ಮೂರನೆಯ ಕಾಲಂನಲ್ಲಿ ಇರಬೇಕಾದುದನ್ನು ಮೊದಲನೆಯದಕ್ಕೆ ಸೇರಿಸಿದರೆ ಒಬ್ಬ ಮನುಷ್ಯನ ಜೀವವೇ ಹೋಗಬಹುದು ಎಂಬುದು ಮಕ್ಕಳಿಗೆ ಅರ್ಥವಾಗಬೇಕು.

ಎರಡು ಆಕ್ಷೇಪಣೆಗಳು

"ಸಿಲಬಸ್ ಮುಗಿಸುವುದು ಯಾವಾಗ?" ಎಂದು ನೀವು ಕೇಳಬಹುದು. ಇವೆಲ್ಲವನ್ನೂ ಪ್ರತಿದಿನ ಮಾಡಬೇಕಾಗಿಲ್ಲ. ವಾರಕ್ಕೆ ಒಂದು ಚಟುವಟಿಕೆ ಸಾಕು. ಹೆಚ್ಚಿನವು ಹತ್ತು ಹದಿನೈದು ನಿಮಿಷದವು, ಅದೂ ಅದೇ ಪಾಠದ ಮೇಲೆ. ಕಾರಣ ತಿಳಿದು ಕಲಿತದ್ದು ಪರೀಕ್ಷೆಯಲ್ಲೂ ಕೈಬಿಡುವುದಿಲ್ಲ.

"ಮಕ್ಕಳು ಎದುರುತ್ತರ ಕೊಡಲು ಕಲಿಯುತ್ತಾರೆ, ಅದಬ್ ಹೋಗುತ್ತದೆ" ಎಂದು ಹಿರಿಯರು ಅನ್ನಬಹುದು. ಈ ಚಿಂತೆಯನ್ನು ತಳ್ಳಿಹಾಕಲಾಗದು. ಅದಕ್ಕಾಗಿ ತರಗತಿಗೆ ಒಂದು ನಿಯಮ ಇರಲಿ: ಪ್ರಶ್ನೆ ಮಾತಿಗೆ, ವ್ಯಕ್ತಿಗಲ್ಲ. "ಸರ್, ಇದು ಹೀಗೇಕೆ ಎಂದು ಕೇಳಬಹುದೇ?" ಎಂದು ವಿನಯದಿಂದ ಕೇಳುವುದನ್ನೂ ನಾವೇ ಕಲಿಸೋಣ. ಉತ್ತರ ಗೊತ್ತಿಲ್ಲದಿದ್ದರೆ "ನಾಳೆ ನೋಡಿಕೊಂಡು ಬರುತ್ತೇನೆ" ಎಂದು ಹೇಳೋಣ. ಅದರಿಂದ ಶಿಕ್ಷಕರ ಗೌರವ ಕಡಿಮೆಯಾಗುವುದಿಲ್ಲ.

ಪೋಷಕರಲ್ಲಿ ಒಂದು ವಿನಂತಿ. ಸಂಜೆ ಮಗು ಮನೆಗೆ ಬಂದಾಗ "ಎಷ್ಟು ಮಾರ್ಕ್ಸ್ ಬಂತು?" ಎಂದು ಕೇಳುವ ಜೊತೆಗೆ "ಇವತ್ತು ನೀನು ಏನು ಪ್ರಶ್ನೆ ಕೇಳಿದೆ ಬೇಟಾ?" ಎಂದೂ ಕೇಳಿ. ಶಿಕ್ಷಕ ಮಿತ್ರರೇ, ನಾಳೆಯ ಪಾಠಯೋಜನೆಯಲ್ಲಿ ಗೈಡಿನಲ್ಲಿ ಉತ್ತರವಿಲ್ಲದ ಒಂದು ಪ್ರಶ್ನೆಗೆ ಜಾಗ ಮಾಡಿ. ಕೇಳಿದ ಮೇಲೆ ಮೂರು ಎಣಿಸುವವರೆಗೆ ಕಾಯಿರಿ. ಹಿಂದಿನ ಬೆಂಚಿನಲ್ಲಿ ಇಷ್ಟು ದಿನ ಸುಮ್ಮನಿದ್ದ ಮಗುವೂ ಕೈ ಎತ್ತಬಹುದು.