ಅಳತೆ ಬೇರೆ, ಆರೈಕೆ ಬೇರೆ



ಹದಿನೆಂಟು ತುಂಬದ ಹುಡುಗನೊಬ್ಬ ಕಳವು, ಹೊಡೆದಾಟ ಇಲ್ಲವೇ ಪೋಕ್ಸೊ (ಮಕ್ಕಳ ಮೇಲಿನ ಲೈಂಗಿಕ ಅಪರಾಧ ತಡೆ ಕಾಯ್ದೆ) ಪ್ರಕರಣದಲ್ಲಿ ಸಿಕ್ಕಿಕೊಂಡಾಗ ನಮ್ಮ ಊರುಗಳಲ್ಲಿ ಎರಡು ಮಾತು ಕೇಳಿಬರುತ್ತವೆ. ‘ಸಣ್ಣಾಂವ ಅದಾನ, ಬಿಟ್ಟುಬಿಡ್ರಿ’ ಎಂಬುದು ಒಂದು. ‘ಇಂಥಾಂವನ್ನ ಬಿಡಬಾರ್ದು’ ಎಂಬುದು ಇನ್ನೊಂದು. ಹೀಗೆನ್ನುವ ಇಬ್ಬರೂ ಅವನ ಮನಸ್ಸಿನ ಗೊಡವೆಗೆ ಹೋಗುವುದಿಲ್ಲ. ಕಾನೂನು ಹೋಗುತ್ತದೆ, ಆದರೆ ಹೆಚ್ಚಾಗಿ ಅಳೆಯುವುದಕ್ಕೆ. ಅಳೆಯುವ ಕೆಲಸಕ್ಕೂ ಆರೈಕೆಯ ಕೆಲಸಕ್ಕೂ ನಡುವೆ ಗೆರೆ ಎಳೆಯದಿದ್ದರೆ ಎರಡೂ ಕೆಡುತ್ತವೆ ಎಂಬುದು ನನ್ನ ವಾದ.

ಹಳೆಯ ವಿಂಗಡಣೆ

ಈ ಚಿಂತೆ ನಮ್ಮ ಬೆಳಗಾವಿ ಸೀಮೆಗೆ ಹೊಸದಲ್ಲ. ನಾವು ಮುಂಬಯಿ ಪ್ರಾಂತದಲ್ಲಿದ್ದಾಗಲೇ 1924ರಲ್ಲಿ ಮಕ್ಕಳ ಕಾಯ್ದೆ, 1929ರಲ್ಲಿ ಬೋರ್ಸ್ಟಲ್ ಶಾಲೆಗಳ ಕಾಯ್ದೆ ಬಂದವು. ಹದಿಹರೆಯ ದಾಟುತ್ತಿರುವ ಅಪರಾಧಿಗಳನ್ನು ದೊಡ್ಡವರ ಜೈಲಿನಿಂದ ದೂರವಿಟ್ಟು, ಶಿಸ್ತು, ಕಸುಬು ಕಲಿಸಿ ತಿದ್ದಬೇಕು ಎಂಬುದು ಬೋರ್ಸ್ಟಲ್ ವಿಚಾರ. ಧಾರವಾಡದಲ್ಲಿ ಅಂಥ ಶಾಲೆ ಇತ್ತು. ಇಂದು ಡಿಮ್ಹಾನ್ಸ್ ಎನಿಸಿಕೊಂಡಿರುವ ಮಾನಸಿಕ ಆಸ್ಪತ್ರೆಯೂ ಅದೇ ಊರಿನಲ್ಲಿತ್ತು. ಕೆಟ್ಟ ನಡತೆಗೆ ಒಂದು ಕಟ್ಟಡ, ಕೆಟ್ಟ ಮನಸ್ಸಿಗೆ ಇನ್ನೊಂದು ಎಂಬ ವಿಂಗಡಣೆ ನಮ್ಮ ತಲೆಯಿಂದ ಇನ್ನೂ ಹೋಗಿಲ್ಲ.

ಮಂಡಳಿಯ ಮುಂದೆ

2015ರ ಬಾಲನ್ಯಾಯ ಕಾಯ್ದೆ 2016ರ ಜನವರಿ 15ರಿಂದ ಜಾರಿಯಲ್ಲಿದೆ. ಮಗುವನ್ನು ಲಾಕಪ್ಪಿನಲ್ಲಾಗಲಿ ಜೈಲಿನಲ್ಲಾಗಲಿ ಇಡುವಂತಿಲ್ಲ. 24 ಗಂಟೆಯೊಳಗೆ ಬಾಲನ್ಯಾಯ ಮಂಡಳಿಯ ಮುಂದೆ ತರಬೇಕು. ಮಂಡಳಿಯಲ್ಲಿ ಒಬ್ಬ ಮ್ಯಾಜಿಸ್ಟ್ರೇಟರು, ಇಬ್ಬರು ಸಮಾಜ ಕಾರ್ಯಕರ್ತರು. ಆ ಇಬ್ಬರಲ್ಲಿ ಒಬ್ಬರಾದರೂ ಮಹಿಳೆ. ಹದಿನಾರು ತುಂಬಿದವನ ಮೇಲೆ ಕನಿಷ್ಠ 7 ವರ್ಷ ಶಿಕ್ಷೆಯ ಘೋರ ಅಪರಾಧದ ಆರೋಪ ಬಂದರೆ 15ನೇ ಕಲಮಿನ ಪ್ರಾಥಮಿಕ ಮೌಲ್ಯಮಾಪನ ನಡೆಯುತ್ತದೆ. ಕೃತ್ಯ ಎಸಗುವ ಮಾನಸಿಕ, ದೈಹಿಕ ಸಾಮರ್ಥ್ಯ ಇತ್ತೇ, ಪರಿಣಾಮದ ಅರಿವಿತ್ತೇ, ಯಾವ ಸನ್ನಿವೇಶದಲ್ಲಿ ನಡೆಯಿತು ಎಂದು ಮಂಡಳಿ ನೋಡುತ್ತದೆ. ಅದರ ಮೇಲೆ ಹುಡುಗ ಮಂಡಳಿಯಲ್ಲೇ ಉಳಿಯುತ್ತಾನೆ, ಇಲ್ಲವೇ ದೊಡ್ಡವರಂತೆ ವಿಚಾರಣೆ ಎದುರಿಸಲು ಮಕ್ಕಳ ನ್ಯಾಯಾಲಯಕ್ಕೆ ಹೋಗುತ್ತಾನೆ.

ಮಂಡಳಿಯಲ್ಲಿ ಮಕ್ಕಳ ಮನಶ್ಶಾಸ್ತ್ರ ಓದಿದವರು ಇಲ್ಲದಿದ್ದರೆ ತಜ್ಞರ ನೆರವು ಪಡೆಯಲೇಬೇಕೆಂದು ಸುಪ್ರೀಂ ಕೋರ್ಟ್ ಗುರುಗ್ರಾಮದ ಪ್ರಕರಣವೊಂದರಲ್ಲಿ 2022ರ ಜುಲೈ 13ರಂದು ಹೇಳಿತು. ಕಾಯ್ದೆ ಈ ಮೌಲ್ಯಮಾಪನಕ್ಕೆ ಕೊಟ್ಟ ಮೂರು ತಿಂಗಳ ಗಡುವು ಕಟ್ಟುನಿಟ್ಟಿನದಲ್ಲ ಎಂದು 2024ರ ಮೇ 7ರಂದು ಅದೇ ಕೋರ್ಟಿನ ತೀರ್ಪು ಬಂತು. ಆ ಪ್ರಕರಣ ನಮ್ಮ ಕರ್ನಾಟಕದ್ದೇ. ತಜ್ಞರ ವರದಿಗೆ ಹೊತ್ತು ಹಿಡಿಯುತ್ತದೆಂಬುದು ನಿಜ. ಆ ಹೊತ್ತಿನಲ್ಲಿ ಹುಡುಗನಿಗೆ ನಿದ್ದೆ ಬರುತ್ತಿದೆಯೇ, ಊಟ ಸೇರುತ್ತಿದೆಯೇ, ಜೀವ ಬೇಡ ಎನ್ನಿಸುತ್ತಿದೆಯೇ ಎಂದು ಕೇಳುವವರು ಯಾರು?

ತೊಡಕು ಇಲ್ಲಿದೆ. ಅಳೆಯಲು ಬಂದವರ ಮುಂದೆ ಹುಡುಗ ಬಾಯಿ ಬಿಟ್ಟರೆ ಆ ಮಾತೇ ಅವನನ್ನು ದೊಡ್ಡ ಕೋರ್ಟಿಗೆ ತಳ್ಳಬಹುದು. ಬಾಯಿ ಬಿಡದಿದ್ದರೆ ಅವನ ಬೇನೆ ಯಾರಿಗೂ ತಿಳಿಯುವುದಿಲ್ಲ. ಆದ್ದರಿಂದ ಮೌಲ್ಯಮಾಪನಕ್ಕೆ ಒಬ್ಬರು, ಚಿಕಿತ್ಸೆಗೆ ಇನ್ನೊಬ್ಬರು ಇರಬೇಕು. ಚಿಕಿತ್ಸೆಯ ಕೋಣೆಯ ಮಾತು ವರದಿಗೆ ಹೋಗಬಾರದು.

ಪ್ರೀತಿ ಎಂಬ ಘೋರ ಅಪರಾಧ

ಹದಿನೇಳರ ಹುಡುಗ, ಹದಿನಾರರ ಹುಡುಗಿ ಓಡಿಹೋಗುತ್ತಾರೆ. ಹುಡುಗಿಯ ಮನೆಯವರು ದೂರು ಕೊಡುತ್ತಾರೆ. 2019ರ ತಿದ್ದುಪಡಿಯ ನಂತರ ಪೋಕ್ಸೊ 4ನೇ ಕಲಮಿಗೆ ಕನಿಷ್ಠ ಶಿಕ್ಷೆಯೇ 10 ವರ್ಷ. ಹಾಗಾಗಿ ಪ್ರೀತಿಯ ಪ್ರಕರಣವೂ ಘೋರ ಅಪರಾಧದ ಸಾಲಿಗೆ ಸೇರುತ್ತದೆ. ಸಮ್ಮತಿಯ ವಯಸ್ಸನ್ನು ಮರುಚಿಂತಿಸುವಂತೆ ನಮ್ಮ ಹೈಕೋರ್ಟಿನ ಧಾರವಾಡ ಪೀಠ 2022ರಲ್ಲಿ ಕಾನೂನು ಆಯೋಗಕ್ಕೆ ಸೂಚಿಸಿತು. 2023ರ ತನ್ನ 283ನೇ ವರದಿಯಲ್ಲಿ ಆಯೋಗ ವಯಸ್ಸು ಇಳಿಸುವುದು ಬೇಡವೆಂದಿತು. ಮರ್ಯಾದೆ ಹೋಯಿತೆಂದು ಎರಡೂ ಮನೆಗಳು ಬಾಗಿಲು ಮುಚ್ಚಿದಾಗ ಆ ಇಬ್ಬರೂ ಒಂಟಿಯಾಗುತ್ತಾರೆ. ಹುಡುಗಿಗೂ ಆರೈಕೆ ಬೇಕೆಂಬುದನ್ನು ಇಲ್ಲಿ ಮರೆಯಬಾರದು.

ದೂರ ಮತ್ತು ಮಾತು

ಅಥಣಿಯಿಂದ ಜಿಲ್ಲಾ ಕೇಂದ್ರ ಬೆಳಗಾವಿ ನೂರು ಕಿಲೋಮೀಟರಿಗೂ ಮಿಕ್ಕ ದಾರಿ. ಕಾಗವಾಡದವರಿಗೆ ಮಹಾರಾಷ್ಟ್ರದ ಮೀರಜ್ ಅದಕ್ಕಿಂತ ಎಷ್ಟೋ ಹತ್ತಿರ. ತಂಬಾಕಿನ ವಖಾರಿಯಲ್ಲೋ ಕಬ್ಬಿನ ಗ್ಯಾಂಗಿನಲ್ಲೋ ದುಡಿಯುವ ತಾಯಿ ಮಗನನ್ನು ನೋಡಲು ‘ರಿಮಾಂಡ್ ಹೋಮಿ’ಗೆ ಹೋದರೆ ಒಂದು ದಿನದ ಪಗಾರ ಹೋಯಿತು. ಜಾಮೀನೇ ನಿಯಮ ಎಂದು 12ನೇ ಕಲಮು ಹೇಳುತ್ತದೆ. ಬಿಡುಗಡೆಯಿಂದ ಮಾನಸಿಕ ಅಪಾಯವಿದ್ದರೆ ಜಾಮೀನು ನಿರಾಕರಿಸಬಹುದೆಂದೂ ಅದೇ ಕಲಮಿನಲ್ಲಿದೆ. ಮನೆಯಿಂದ ಕಿತ್ತು ದೂರ ಇಡುವುದರಿಂದ ಆಗುವ ಮಾನಸಿಕ ಅಪಾಯವನ್ನೂ ಅದೇ ಹೊತ್ತಿಗೆ ತೂಗಿ ನೋಡಬೇಕು.

ಮನೆಯಲ್ಲಿ ಮರಾಠಿ, ಶಾಲೆಯಲ್ಲಿ ಕನ್ನಡ, ಗೆಳೆಯರ ನಡುವೆ ಎರಡೂ ಬೆರೆತ ಮಾತು: ಗಡಿಯ ಹುಡುಗನ ನಾಲಿಗೆ ಇದು. ಪುಸ್ತಕದ ಕನ್ನಡದ ಪ್ರಶ್ನೆಗೆ ಅವನು ತಡವರಿಸಿದರೆ ಅದನ್ನು ಬುದ್ಧಿಮಾಂದ್ಯವೆಂದೋ ಕಪಟವೆಂದೋ ಬರೆದುಕೊಳ್ಳುವ ಅಪಾಯವಿದೆ. ಪ್ರಶ್ನೆ ಕೇಳುವವರಿಗೆ ಎರಡೂ ಮಾತು ಬರಬೇಕು.

ಮಾಡಬಹುದಾದದ್ದು

ಪರಿವೀಕ್ಷಣಾಧಿಕಾರಿ 15 ದಿನದೊಳಗೆ ಸಾಮಾಜಿಕ ತನಿಖಾ ವರದಿ ಕೊಡಬೇಕು. ಶಾಲೆ ಬಿಟ್ಟದ್ದು ಯಾವಾಗ, ತಲೆಗೆ ಪೆಟ್ಟು ಬಿದ್ದಿತ್ತೇ, ನಶೆ ಇದೆಯೇ, 2019ರ ಕೃಷ್ಣೆಯ ಪ್ರವಾಹದಲ್ಲಿ ಮನೆ ಹೋಯಿತೇ, ಮನೆಯಲ್ಲಿ ಯಾರಾದರೂ ಜೀವ ಕಳೆದುಕೊಂಡರೇ ಎಂಬುದೆಲ್ಲ ಅದರಲ್ಲಿ ಬರಲಿ. ಇದೆಲ್ಲ ಗೊತ್ತಿರುವ ಶಾಲೆಯ ಗುರುಗಳು ಬಾಯಿ ಬಿಡಬೇಕು.

ಮನೋಚೈತನ್ಯ ಯೋಜನೆಯಡಿ ತಾಲ್ಲೂಕು ಆಸ್ಪತ್ರೆಗಳಲ್ಲಿ ಮಂಗಳವಾರ ಮನೋವೈದ್ಯರ ಸೇವೆಯ ಏರ್ಪಾಡಿದೆ. ಜಾಮೀನಿನ ಮೇಲಿರುವ ಹುಡುಗನನ್ನು ಬೆಳಗಾವಿಗೆ ಅಲೆಸದೆ ಆ ಸರದಿಯಲ್ಲೇ ಕೂರಿಸಬಹುದು. ಅಲ್ಲಿ ಅವನು ಎಲ್ಲರಂತೆ ರೋಗಿ, ಆರೋಪಿಯಲ್ಲ. ನಡುವೆ ಸಂಕಟ ಎದ್ದರೆ ಫೋನಿನಲ್ಲಿ ನೆರವು ಕೊಡುವ ಟೆಲಿ ಮನಸ್‌ನ 14416 ಇದೆ.

ಹದಿನೆಂಟು ತುಂಬಿದ ಮರುದಿನ ಕೃತ್ಯ ಎಸಗಿದ ಆರೋಪ ಹೊತ್ತವನಿಗೆ ಕಾಯ್ದೆಯ ಈ ರಕ್ಷಣೆ ಯಾವುದೂ ಇಲ್ಲ. ಅವನ ದಾರಿ ಬೆಳಗಾವಿಯ ಹಿಂಡಲಗಾ ಜೈಲಿನದು. ಹದಿನೆಂಟು ದಾಟಿದವರಿಗೂ ಬೇರೆ ವ್ಯವಸ್ಥೆ ಬೇಕೆಂದು 1929ರಲ್ಲೇ ಒಪ್ಪಿಕೊಂಡ ಪ್ರಾಂತದ ವಾರಸುದಾರರು ನಾವು. ಜೈಲಿನಲ್ಲಿರುವ ಎಳೆಯರನ್ನು ಮನೋವೈದ್ಯರು ಪ್ರತ್ಯೇಕವಾಗಿ ನೋಡುವ ಏರ್ಪಾಡನ್ನು ವಕೀಲರ ಸಂಘಗಳು ಕೇಳಬೇಕು.

ಕೊನೆಯದಾಗಿ ಊರಿಗೆ ಒಂದು ಮಾತು. ಮಗುವಿನ ಗುರುತನ್ನು ಮಾಧ್ಯಮದಲ್ಲಿ ಬಯಲು ಮಾಡುವುದನ್ನು 74ನೇ ಕಲಮು ನಿಷೇಧಿಸಿದೆ. ಹೀಗಿದ್ದೂ ವಾಟ್ಸಾಪ್ ಗುಂಪಿನಲ್ಲಿ ಫೋಟೊ ಓಡಾಡುತ್ತದೆ. ಅದನ್ನು ಮುಂದೆ ಕಳಿಸದಿರಲು ಯಾವ ತಜ್ಞರೂ ಬೇಕಿಲ್ಲ. ನಮ್ಮ ಊರುಗಳಲ್ಲಿ ಆರೈಕೆ ಅಲ್ಲಿಂದಲೇ ಶುರುವಾಗಲಿ.