ಚಕ್ರದ ಮೇಲಿನ ಮನೆಗೆ ಸೂರ್ಯನ ಬೆಳಕು
(ಶಾಲಾ ವಾರ್ಷಿಕೋತ್ಸವದ ಭಾಷಣ)



ಮನೆಯನ್ನೇ ಚಕ್ರದ ಮೇಲೇರಿಸಿ ಸಂಚರಿಸುವ ವಾಹನಕ್ಕೆ ಕಾರವಾನ್ ಎನ್ನುತ್ತಾರೆ. 2021ರಲ್ಲಿ ಕೇರಳ ಸರಕಾರವು ‘ಕೇರವಾನ್ ಕೇರಳ’ ಎಂಬ ಹೆಸರಿನಲ್ಲಿ ಇಂತಹ ಪ್ರವಾಸಕ್ಕೆ ಪ್ರೋತ್ಸಾಹವಿತ್ತಿತು. ಅಂತಹ ಬಂಡಿಯೊಂದು ನಮ್ಮ ಕಾಸರಗೋಡಿನ ಗುಡ್ಡವೊಂದರ ಮೇಲೆ ತಂಗಿತೆಂದು ಭಾವಿಸಿರಿ. ಸುತ್ತಲೂ ವಿದ್ಯುತ್ ಕಂಬವಿಲ್ಲ. ಬಂಡಿಯೊಳಗೆ ಮಕ್ಕಳಿದ್ದಾರೆ, ಮಧುಮೇಹದ ಅಜ್ಜನಿದ್ದಾರೆ, ಅವರ ಇನ್ಸುಲಿನ್ ಕೆಡದಂತೆ ಕಾಯುವ ಚಿಕ್ಕ ಫ್ರಿಜ್ಜು ಇದೆ. ಅದು ಸೂರ್ಯನ ಬಲದಿಂದಲೇ ನಡೆಯಬೇಕು. ಈ ಏರ್ಪಾಡನ್ನು ಯೋಜಿಸುವುದು ಹೇಗೆ? ಗುಣಾಕಾರ ಭಾಗಾಕಾರಗಳನ್ನು ಬಲ್ಲ ಬಾಲಕನೂ ಇದನ್ನು ಮಾಡಬಲ್ಲನು.

ಬೆಳಕಿನಿಂದ ವಿದ್ಯುತ್ತು ಹುಟ್ಟುವುದನ್ನು 1839ರಲ್ಲಿ ಫ್ರಾನ್ಸಿನ ಬೆಕೆರೆಲ್ ಎಂಬ ತರುಣನು ಕಂಡನು. 1954ರಲ್ಲಿ ಅಮೆರಿಕದ ಬೆಲ್ ಪ್ರಯೋಗಾಲಯವು ಸಿಲಿಕಾನಿನ ಸೌರಕೋಶವನ್ನು ಜಗತ್ತಿಗೆ ತೋರಿಸಿತು. 1958ರ ಮಾರ್ಚ್ 17ರಂದು ಗಗನಕ್ಕೇರಿದ ವ್ಯಾನ್‌ಗಾರ್ಡ್-1 ಉಪಗ್ರಹದಲ್ಲಿ ಎರಡು ಪ್ರೇಷಕಗಳಿದ್ದವು. ಬರಿಯ ಬ್ಯಾಟರಿಯದು ಅದೇ ಜೂನ್ ತಿಂಗಳಲ್ಲಿ ಮೌನವಾಯಿತು. ಸೌರಕೋಶದ್ದು 1964ರವರೆಗೂ ನುಡಿಯಿತು. ಕೂಡಿಟ್ಟದ್ದು ಎಷ್ಟಿದ್ದರೂ ನಿತ್ಯದ ಆದಾಯವಿಲ್ಲದಿದ್ದರೆ ಕರಗುತ್ತದೆಂಬುದಕ್ಕೆ ಇದೇ ನಿದರ್ಶನ.

ಹಾಸಿಗೆ ಇದ್ದಷ್ಟು ಕಾಲು ಚಾಚೆಂದು ಹಿರಿಯರು ಹೇಳುವರು. ಈ ಕಾರ್ಯದಲ್ಲಾದರೋ ಮೊದಲು ಕಾಲನ್ನು ಅಳೆದು, ಆ ಮೇಲೆ ಚಾಪೆ ಹೆಣೆಯಬೇಕು. ಅಂಗಡಿಗೆ ಹೋಗಿ ಫಲಕವನ್ನು ಕೊಳ್ಳುವ ಮೊದಲು ಖರ್ಚಿನ ಪಟ್ಟಿಯನ್ನು ಬರೆಯಿರಿ. 5 ವಾಟಿನ ನಾಲ್ಕು ದೀಪಗಳು 5 ಗಂಟೆ ಉರಿದರೆ 100 ವಾಟ್-ಗಂಟೆ, 20 ವಾಟಿನ ಬೀಸಣಿಗೆ 10 ಗಂಟೆ ತಿರುಗಿದರೆ 200, 45 ವಾಟಿನ ಫ್ರಿಜ್ಜು ಬಿಟ್ಟು ಬಿಟ್ಟು ದಿನಕ್ಕೆ 12 ಗಂಟೆ ನಡೆದರೆ 540, 60 ವಾಟಿನ ನೀರಿನ ಪಂಪು ಅರ್ಧ ಗಂಟೆಗೆ 30, ಮೊಬೈಲುಗಳಿಗೆ 30. ಒಟ್ಟು 900. ನಿಮ್ಮ ಮನೆಯ ಬಿಲ್ಲಿನ ಒಂದು ಯೂನಿಟ್ಟೆಂದರೆ 1000 ವಾಟ್-ಗಂಟೆ. ಇದು ಅದಕ್ಕಿಂತಲೂ ಕಡಿಮೆ. ಆದರೆ 2000 ವಾಟಿನ ವಿದ್ಯುತ್ ಒಲೆಯೊಂದು ಅರ್ಧ ಗಂಟೆಯಲ್ಲೇ 1000 ನುಂಗಿಬಿಡುತ್ತದೆ! ಆದುದರಿಂದ ಅಡುಗೆಗೆ ಗ್ಯಾಸೇ ಲೇಸು.

ಇನ್ನು ಕಣಜದ ವಿಚಾರ. ಬ್ಯಾಟರಿಯೇ ನಮ್ಮ ಕಣಜ. ಎರಡು ದಿನ ಬಿಸಿಲೇ ಬಾರದಿದ್ದರೂ ನಡೆಯಬೇಕಾದರೆ 1800 ವಾಟ್-ಗಂಟೆ ಕೈಯಲ್ಲಿರಬೇಕು. ಅದನ್ನು 12 ವೋಲ್ಟಿನಿಂದ ಭಾಗಿಸಿದರೆ 150 ಆಂಪಿಯರ್-ಗಂಟೆ. ಸೀಸ-ಆಮ್ಲದ ಬ್ಯಾಟರಿಯನ್ನು ಅರ್ಧಕ್ಕಿಂತ ಹೆಚ್ಚು ಬರಿದು ಮಾಡುತ್ತ ಬಂದರೆ ಅದರ ಆಯುಷ್ಯ ಕುಗ್ಗುತ್ತದೆ. ಆದ್ದರಿಂದ ಅದು 300ರದ್ದಾಗಬೇಕು, ತೂಕವೂ ಹೆಚ್ಚು. ಲಿಥಿಯಮ್ ಕಬ್ಬಿಣ ಫಾಸ್ಫೇಟಿನದಾದರೆ ನೂರರಲ್ಲಿ ಎಂಬತ್ತು ಭಾಗವನ್ನು ಬಳಸಬಹುದು, 200ರದ್ದು ಸಾಕು. ಬೆಲೆ ಅಧಿಕ, ಬಾಳಿಕೆಯೂ ಅಧಿಕ.

ಆದಾಯವೆಷ್ಟು? 300 ವಾಟಿನ ಫಲಕಕ್ಕೆ 5 ಗಂಟೆಯ ಪೂರ್ಣ ಬಿಸಿಲಿಗೆ ಸಮನಾದುದು ದೊರೆತು, ಕಾವು, ಧೂಳು, ತಂತಿ ಮುಂತಾದವುಗಳಲ್ಲಿ ನೂರಕ್ಕೆ ಮೂವತ್ತು ನಷ್ಟವಾದರೂ 1050 ವಾಟ್-ಗಂಟೆ ಉಳಿಯುತ್ತದೆ. ಬಂಡಿಯನ್ನು ತೆಂಗಿನ ಮರದಡಿಯಲ್ಲಿ ಮಾತ್ರ ನಿಲ್ಲಿಸಬೇಡಿ. ಕೋಶಗಳು ಸರಪಣಿಯಂತೆ ಜೋಡಣೆಯಾಗಿರುವುದರಿಂದ ಒಂದು ಗರಿಯ ನೆರಳೂ ಬಹಳಷ್ಟನ್ನು ಕಸಿಯುತ್ತದೆ.

ನಮ್ಮ ಆಷಾಢದ ಮಳೆಯನ್ನೂ ಲೆಕ್ಕಕ್ಕೆ ಹಿಡಿಯಬೇಕು. ಬಿಸಿಲು 2 ಗಂಟೆಗೆ ಇಳಿದರೆ ಆದಾಯ 420ಕ್ಕೆ ಇಳಿಯುತ್ತದೆ. ನಿತ್ಯ 480ರ ಕೊರತೆ. ಎಂದಿನಂತೆ ಖರ್ಚು ಮಾಡಿದರೆ ತುಂಬಿದ ಬ್ಯಾಟರಿಯೂ ನಾಲ್ಕೇ ದಿನಗಳಲ್ಲಿ ಬರಿದು. ಅಜ್ಜನ ಔಷಧ ಅಪಾಯದಲ್ಲಿ. ಬೀಸಣಿಗೆಯನ್ನು ನಿಲ್ಲಿಸಿ ಎರಡೇ ದೀಪಗಳನ್ನು ಹಚ್ಚಿದರೆ ಕೊರತೆ 230. ಅದೇ ಬ್ಯಾಟರಿ ಎಂಟು ದಿನ ಬರುತ್ತದೆ. ಯಾವುದು ಅವಶ್ಯ, ಯಾವುದು ಅನುಕೂಲ, ಯಾವುದು ವಿಲಾಸ ಎಂಬ ವಿಂಗಡಣೆಯನ್ನು ಮಳೆ ಬರುವ ಮುನ್ನವೇ ಮಾಡಿಟ್ಟಿರಬೇಕು. ಬಂಡಿ ಓಡುವಾಗ ತಕ್ಕ ಉಪಕರಣದ ಮೂಲಕ ಎಂಜಿನ್ನಿನಿಂದಲೂ ಸ್ವಲ್ಪ ತುಂಬಿಕೊಳ್ಳಬಹುದು.

ಎಚ್ಚರಿಕೆಯ ಮಾತೊಂದು. ಫಲಕಕ್ಕೂ ಬ್ಯಾಟರಿಗೂ ನಡುವೆ ಚಾರ್ಜ್ ನಿಯಂತ್ರಕವಿರಲಿ. 12 ವೋಲ್ಟಿನಲ್ಲಿ 600 ವಾಟೆಂದರೆ 50 ಆಂಪಿಯರ್ ಪ್ರವಾಹ. ತೆಳು ತಂತಿ ಕಾದು ಬೆಂಕಿ ಹೊತ್ತೀತು. ದಪ್ಪ ತಂತಿಯನ್ನು ಬಳಸಿ, ಬ್ಯಾಟರಿಯ ಧನಾಗ್ರದ ಹತ್ತಿರವೇ ಫ್ಯೂಸನ್ನು ಹಾಕಿಸಬೇಕು. ಮಲಗುವ ಮನೆಯಲ್ಲಿ ಇದರಲ್ಲಿ ಉಳಿತಾಯ ಸಲ್ಲದು. ಜೋಡಣೆಯನ್ನು ಬಲ್ಲವರಿಂದಲೇ ಮಾಡಿಸಿರಿ. ಮಕ್ಕಳು ಲೆಕ್ಕ ಮಾಡಲಿ, ತಂತಿ ಮುಟ್ಟುವುದು ಬೇಡ.

ವಿದ್ಯಾರ್ಥಿಗಳೇ, ನಿಮ್ಮಲ್ಲಿ ಎಲ್ಲರಿಗೂ ಕಾರವಾನ್ ಬಾರದು. ಲೆಕ್ಕ ಮಾತ್ರ ಎಲ್ಲರಿಗೂ ಬರುತ್ತದೆ. ನಾಳೆ ತಂದೆತಾಯಿಗಳೊಡನೆ ಕುಳಿತು ಮನೆಯ ಪ್ರತಿಯೊಂದು ಉಪಕರಣದ ವಾಟನ್ನೂ ಗಂಟೆಯನ್ನೂ ಗುಣಿಸಿ, ಬಿಲ್ಲಿನೊಡನೆ ಹೋಲಿಸಿ ನೋಡಿರಿ. ಎಲ್ಲಿ ಸೋರುತ್ತಿದೆಯೆಂಬುದು ತಾನಾಗಿ ತಿಳಿಯುವುದು. ಸೂರ್ಯನು ಯಾರಿಂದಲೂ ಬೆಲೆ ಕೇಳುವುದಿಲ್ಲ; ಆದರೆ ಅವನು ಕೊಟ್ಟುದನ್ನು ಅಳೆದು ಬಳಸಬೇಕಾದವರು ನಾವು.